ಸೋದರಮಾವನ ಬೆನ್ನು

ಮೂಡಿಗೆರೆ ಸುತ್ತಿನ ಹುಡುಗ ಹುಡುಗಿಯರಿಗೆ ನಮ್ಮ ಸೋದರಮಾವನ ಮುಖಕ್ಕಿಂತ ಬೆನ್ನಿನ ಪರಿಚಯವೇ ಹೆಚ್ಚು. ಇದು ಬೈಗುಳವಲ್ಲ, ಹೊಗಳಿಕೆ! ಮೇಷ್ಟ್ರುಗಳೆಲ್ಲ ಮುಖ ತೋರಿಸಿ ಪಾಠ ಹೇಳುತ್ತಾರೆ. ಇವರು ಬೆನ್ನು ತೋರಿಸಿ ಹೇಳಿದರು. ಕಳೆದ ಮಳೆಗಾಲದಲ್ಲಿ ಲಕ್ವ ಹೊಡೆದು ಅವರ ಮಾತು ನಿಂತಿದೆ. ನಾನು ಕಾಳುಮೆಣಸಿನ ವ್ಯಾಪಾರದವಳು, ಚೌಕಾಶಿಗೇ ಹೆಸರಾದವಳು. ಆದರೆ ಆ ದನಿಯನ್ನು ವಾಪಸು ತಂದುಕೊಡುವವರು ಯಾರಾದರೂ ಸಿಕ್ಕಿದರೆ ಚೌಕಾಶಿ ಮಾಡುವುದಿಲ್ಲ.

ಮಾವ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಹಾಜರಿ, ರಜೆ ಎಲ್ಲ ಅವರ ಕೈಯಲ್ಲಿ. ಆದರೆ ಎಸ್ಟೇಟ್ ಆಫೀಸಿಗೆ ಬಂದವರು ಬಂದ ಕೆಲಸ ಹೇಳುವ ಪದ್ಧತಿ ನಮ್ಮ ಕಡೆ ಎಲ್ಲಿದೆ? ಬಾಗಿಲ ಪಕ್ಕ ನಿಲ್ಲುವುದು, ತಲೆ ಕೆರೆಯುವುದು, ಏನು ಅಂತ ಕೇಳಿದರೆ ‘ಏನಿಲ್ಲ, ಸುಮ್ನೆ ಬಂದೆ’ ಅನ್ನುವುದು. ಜ್ವರವೋ, ಜಗಳವೋ, ಮಗುವಿಗೆ ಹೆಸರಿಡುವುದೋ, ರೈಟರೇ ಊಹಿಸಬೇಕು. ಒಬ್ಬನಂತೂ ತನ್ನ ಮದುವೆಗೇ ರಜೆ ಕೇಳಲು ಬಂದು, ಸುಮ್ನೆ ಬಂದೆ ಅಂದು, ಕಾಫಿ ಹಣ್ಣು ಸುಲಿಯುವ ಕೆಲಸಕ್ಕೆ ಹೋಗಿ ನಿಂತನಂತೆ. ದಿಬ್ಬಣದವರು ಎಸ್ಟೇಟಿಗೇ ಬಂದು, ಮೈಯೆಲ್ಲ ಸಿಪ್ಪೆ ಮೆತ್ತಿಕೊಂಡಿದ್ದ ಮದುಮಗನನ್ನು ಜೀಪಿಗೆ ಹಾಕಿಕೊಂಡು ಹೋದರಂತೆ!

ಆಮೇಲೆಯೇ ಮಾವನಿಗೆ ಹುಚ್ಚು ಹಿಡಿದದ್ದು. ಭಾನುವಾರ ಎಸ್ಟೇಟಿನ ಆಳುಗಳ ಲೈನ್ ಮನೆಗಳ ಮಕ್ಕಳನ್ನೂ ಪೇಟೆಯ ನಮ್ಮಂಥವರನ್ನೂ ಕಾಫಿ ಒಣಗಿಸುವ ಕಣದಲ್ಲಿ ಕೂರಿಸಿ ‘ಕೇಳುವುದು’ ಎಂಬ ಒಂದೇ ವಿದ್ಯೆ ಕಲಿಸತೊಡಗಿದರು. ‘ಸುಮ್ನೆ ಬಂದೆ’ ಅನ್ನುವ ಮಾತಿಗೆ ಅಲ್ಲಿ ಪ್ರವೇಶವಿಲ್ಲ. ಬೇಕಾದ್ದನ್ನು ಬಾಯಿಬಿಟ್ಟು ಕೇಳಬೇಕು. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕಾಯಬೇಕು. ಇಷ್ಟೇ ಸಿಲಬಸ್.

ಪರೀಕ್ಷೆ ಮಾತ್ರ ಪೇಟೆಯಲ್ಲಿ. ನನಗೆ ಬಂದದ್ದು ಕಡ್ಡಿ ಮುರಿದ ಹೊಸ ಛತ್ರಿ. ಕೊಂಡ ಅಂಗಡಿಯಲ್ಲೇ ಬದಲಾಯಿಸಿಕೊಂಡು ಬರಬೇಕು. ಮಾವ ಜೊತೆಗೆ ಬಂದರು, ಎದುರುಗಡೆ ಬಸ್‌ಸ್ಟ್ಯಾಂಡಿನಲ್ಲಿ ಅಂಗಡಿಗೆ ಬೆನ್ನು ಹಾಕಿ ನಿಂತುಬಿಟ್ಟರು. ಅಂಗಡಿಯವರು ಏನಮ್ಮ ಅಂದರು. ನನ್ನ ನಾಲಿಗೆಗೆ ಬಂದದ್ದು ಸುಮ್ನೆ ಬಂದೆ ಅನ್ನುವ ಅದೇ ಮಾತು! ಬಂದವಳು ಬರಿಗೈಲಿ ಹೋಗುವುದು ಹೇಗೆ? ಇನ್ನೊಂದು ಛತ್ರಿ ಕೊಂಡು ಬಂದೆ.

“ನೀವು ಈ ಕಡೆ ನೋಡ್ತಾ ನಿಂತಿದ್ರೆ ಧೈರ್ಯ ಬರ್ತಿತ್ತು ಮಾವ.”

“ನಾ ನೋಡ್ತಿದ್ರೆ ನೀ ನನ್ನ ಮುಖ ನೋಡ್ತಿದ್ದೆ ಮಾರಾಯ್ತಿ. ಛತ್ರಿ ಕೊಡೋದು ನಾನಲ್ಲ, ಅವ್ರು.”

ಮುಂದಿನ ವಾರ ಅದೇ ಛತ್ರಿ, ಅದೇ ಅಂಗಡಿ, ಅದೇ ಬೆನ್ನು. ಈ ಸಲ ಕೇಳಿದೆ. ಕೇಳಿ ಬಾಯಿ ಮುಚ್ಚಿಕೊಂಡೆ. ಅಂಗಡಿಯವರು ಗಿರಾಕಿಗಳನ್ನು ನೋಡಿದರು, ಹೊರಗಿನ ಮಳೆ ನೋಡಿದರು, ಕೊನೆಗೆ ಹೊಸ ಛತ್ರಿ ಮುಂದಿಟ್ಟು, “ತಗೊಳ್ಳಮ್ಮ, ಹಾಗೆ ಮಾತ್ರ ನೋಡ್ಬೇಡ” ಅಂದರು. ಇವತ್ತು ನನ್ನ ವ್ಯಾಪಾರ ನಡೆಯುವುದೇ ಆ ಮೌನದ ಮೇಲೆ. ನೀವೂ ಕಲಿತುಕೊಳ್ಳಿ: ಬೆಲೆ ಹೇಳಿದ ಮೇಲೆ ಮೊದಲು ಮಾತಾಡಿದವರಿಗೇ ನಷ್ಟ.

ಲೈನ್ ಮನೆಯ ಹುಡುಗಿಯೊಬ್ಬಳಿಗೆ ಇನ್ನೂ ಕಷ್ಟದ ಪರೀಕ್ಷೆ. ಕೊಟ್ಟಿಗೆಹಾರದ ಬಸ್ಸು ಲೈನಿನ ಗೇಟಿನ ಮುಂದೆ ನಿಲ್ಲುತ್ತಿರಲಿಲ್ಲ. ಕಾಲೇಜಿಗೆ ಹೋಗುವ ಮಕ್ಕಳು ಕ್ರಾಸಿನವರೆಗೂ ನಡೆಯಬೇಕಿತ್ತು. ಅವಳು ಕ್ರಾಸಿನಲ್ಲಿ ಬಸ್ಸು ಹತ್ತಿ, ನಾಳೆಯಿಂದ ಗೇಟಿನಲ್ಲಿ ನಿಲ್ಲಿಸಿ ಎಂದು ಡ್ರೈವರನ್ನು ಕೇಳಿ, ಕಾಯುತ್ತಾ ಪಕ್ಕದಲ್ಲೇ ನಿಂತಳು. ಬಸ್ಸು ಈಗ ಅಲ್ಲಿ ನಿಲ್ಲುತ್ತದೆ. ಮಾವ ಅವತ್ತು ಹಿಂದಿನ ಸೀಟಿನಲ್ಲಿ ಬೆನ್ನು ತಿರುಗಿಸಿ ಕೂತು, ವಾಂತಿ ಬಂದರೂ ಮುಂದಕ್ಕೆ ತಿರುಗಲಿಲ್ಲ ಎಂಬುದು ಅವಳು ಈಗಲೂ ಹೇಳುವ ಕಥೆ.

ಈ ವಿದ್ಯೆ ಮನೆಯಲ್ಲಿ ಮಾತ್ರ ತಿರುಗಿ ಬಿತ್ತು. ಒಂದು ದಿನ ಮಾವ ತಟ್ಟೆ ಮುಂದೆ ಕೂತು, ಬಾಯಿಬಿಟ್ಟು ಕೇಳದೆ ಉಪ್ಪಿನಕಾಯಿ ಭರಣಿಯನ್ನೇ ನೋಡುತ್ತಿದ್ದರಂತೆ. ಅತ್ತೆ ಒಲೆ ಕಡೆ ತಿರುಗಿ, ಬೆನ್ನು ಹಾಕಿ ನಿಂತರಂತೆ!

ಅಂಥವರ ಬಾಯಿ ಈಗ ಸುಮ್ಮನಿದೆ. ಕೋಲು ಹಿಡಿದು ಓಡಾಡುತ್ತಾರೆ, ಎಲ್ಲ ಅರ್ಥವಾಗುತ್ತದೆ, ಪದ ಮಾತ್ರ ಬರುವುದಿಲ್ಲ. ಬಂದರೂ ಬರಬಹುದು, ನೀವು ಅವಸರಪಟ್ಟು ಅವರ ಮಾತು ಮುಗಿಸಿಕೊಡಬೇಡಿ ಎಂದಿದ್ದಾರೆ ಚಿಕ್ಕಮಗಳೂರಿನ ಡಾಕ್ಟರು. ಭಾನುವಾರ ಮಕ್ಕಳು ಕಣಕ್ಕೆ ಬರುತ್ತಲೇ ಇದ್ದಾರೆ. ಪಾಠ ಹೇಳಲು ನಾನೇ ಹೋಗಿ ಕೂರುತ್ತೇನೆ. ಪರೀಕ್ಷೆಯ ಹೊತ್ತಿಗೆ ಬೆನ್ನು ಹಾಕಿ ನಿಲ್ಲಲು ಮಾತ್ರ ಆಗುವುದಿಲ್ಲ. ತಿರುಗಿ ತಿರುಗಿ ನೋಡಿಬಿಡುತ್ತೇನೆ. ನೋಡದೆ ನಿಲ್ಲುವುದು ಎಂಥ ಕಷ್ಟ ಅಂತ ಈಗ ಗೊತ್ತಾಗಿದೆ.

ಮೊನ್ನೆ ಪಾಠ ಮುಗಿಸಿ ಮಾವನ ಮನೆಗೆ ಹೋದೆ. ಜಗಲಿಯಲ್ಲಿ ಕೂತಿದ್ದವರು ಹುಬ್ಬೆತ್ತಿದರು: ಏನು ಬಂದೆ? ಊರಿಗೆಲ್ಲ ಬುದ್ಧಿ ಹೇಳುವ ನಾನು ಬಾಗಿಲ ಪಕ್ಕ ನಿಂತು ಸೆರಗಿನ ತುದಿ ತಿರುಚಿದೆ.

“ಏನಿಲ್ಲ ಮಾವ. ಸುಮ್ನೆ ಬಂದೆ.”

ಮಾವ ನನ್ನನ್ನೇ ನೋಡಿದರು. ಆಮೇಲೆ ಕೋಲು ಊರಿ ಎದ್ದು, ಒಂದು ಕಾಲು ಎಳೆದು, ಇನ್ನೊಂದು ಎಳೆದು, ನಿಧಾನವಾಗಿ ತೋಟದ ಕಡೆ ತಿರುಗಿ ನಿಂತರು. ಅದೇ ಬೆನ್ನು. ಅಂಗಿ ಈಗ ಸ್ವಲ್ಪ ದೊಗಳೆ, ಅಷ್ಟೇ.

“ನಿಮ್ಮ ಮಾತು ಕೇಳ್ಬೇಕು ಮಾವ,” ಅಂದೆ. “ಬೈದ್ರೂ ಸಾಕು. ಅದಕ್ಕೇ ಬಂದೆ.”

ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ನಿಂತೆ.