ಕವಲು ಹಳಿಯ ಕೊನೆಯ ಮೂವತ್ತು ಅಡಿ

ಆ ಶುಕ್ರವಾರ ಹರ್ಬರ್ಟ್ ಮಾಡಿದ ತಪ್ಪು ಒಂದೇ. ಕೇಳಿದ ಪ್ರಶ್ನೆಗೆ ನಿಜ ಹೇಳಿಬಿಟ್ಟ.

ಬೆಳಗಿನ ಪೂಜೆ ಮುಗಿದು ಜನ ಇಗರ್ಜಿಯ ಅಂಗಳಕ್ಕೆ ಇಳಿದಿದ್ದರು. ಹರ್ಬರ್ಟ್ ಹೂವಿನ ಪೊಟ್ಟಣ ಎದೆಗೊತ್ತಿಕೊಂಡು ಗೇಟಿನ ಕಡೆ ಸರಿಯುತ್ತಿದ್ದಾಗ ಡೋಲ್ಫಿ ಅಡ್ಡ ಬಂದ. ಡೋಲ್ಫಿ ಊರಿನವರ ಸಂಘದ ಕಾರ್ಯದರ್ಶಿ. ಬೇರೆಯವರ ಕಷ್ಟದ ವಾಸನೆ ಅವನಿಗೆ, ಬೆಕ್ಕಿಗೆ ಬಂಗುಡೆಯ ವಾಸನೆ ಬಡಿದ ಹಾಗೆ, ಮೂರು ಬೀದಿ ಆಚೆಯಿಂದಲೇ ಬಡಿಯುತ್ತಿತ್ತು.

"ಎಂತ ಹರ್ಬರ್ಟ್‌ಬಾಬ್, ನಿಮ್ಮ ರೈಲು ಎಲ್ಲಿಗೆ ಮುಟ್ಟಿತು?"

"ಆಯ್ತು ಮಾರಾಯ. ಇನ್ನೊಂದು ಮೂವತ್ತು ಅಡಿ ಬಾಕಿ, ಅಷ್ಟೆ."

ಹೇಳಿದ ಮರುಕ್ಷಣ ಹರ್ಬರ್ಟ್ ನಾಲಿಗೆ ಕಚ್ಚಿಕೊಂಡ. ಆದರೆ ಡೋಲ್ಫಿಯ ಮೊಬೈಲು ಆಗಲೇ ಕಿವಿಗೆ ಹೋಗಿತ್ತು.

"ಬರೀ ಮೂವತ್ತು ಅಡಿ! ಅರವತ್ತೊಂದು ವರ್ಷದ ಜನ ಒಬ್ಬರೇ ಬಿಸಿಲಲ್ಲಿ ಒದ್ದಾಡುವುದು, ನಾವಿಲ್ಲಿ ಸಮೋಸ ತಿಂದುಕೊಂಡು ನಿಲ್ಲುವುದು! ನಾಚಿಕೆ ಆಗ್ಬೇಕು ನಮಗೆ. ಇವತ್ತೇ ಮುಗಿಸುವ, ಕಾರು ಹತ್ತಿ."

ರೈಲೇ ಇಲ್ಲದ ಕುವೈಟಿನಲ್ಲಿ ಹರ್ಬರ್ಟನಿಗೆ ರೈಲಿನ ಕೆಲಸ ಸಿಕ್ಕಿದ್ದು ಅಬು ಯೂಸುಫ್ ಎಂಬ ಮುದುಕನ ಹುಚ್ಚಿನಿಂದ. ಖರ್ಜೂರ ಮಾರಲು ಮುಂಬಯಿಗೆ ಹೋಗುತ್ತಿದ್ದ ಅಪ್ಪನ ಜೊತೆ ಹೋಗಿ, ಚಿಕ್ಕಂದಿನಲ್ಲೇ ಅವನು ಉಗಿಬಂಡಿಯ ಕೂಗು ಕೇಳಿ ಬಂದಿದ್ದ. ದೊಡ್ಡವನಾದ ಮೇಲೆ ಇಂಗ್ಲೆಂಡಿನಿಂದ ಹಡಗಿನಲ್ಲಿ ಎದೆಯೆತ್ತರದ ಒಂದು ಉಗಿ ಎಂಜಿನ್ ತರಿಸಿ, ಜಹ್ರಾ ದಾಟಿ ಸಿಗುವ ತನ್ನ ತೋಟದ ಸುತ್ತ ಹಳಿ ಹಾಕಿಸಿದ. ಚಳಿಗಾಲದ ಶುಕ್ರವಾರಗಳಲ್ಲಿ ಮಕ್ಕಳು ಮರಿ ಕಟ್ಟಿಕೊಂಡು ಬಂದವರನ್ನು ಆ ಎಂಜಿನ್ ನಾಲ್ಕು ತೆರೆದ ಬೋಗಿಗಳಲ್ಲಿ ಒಂದು ಸುತ್ತು ಹಾಕಿಸುತ್ತಿತ್ತು. ಆ ಸುತ್ತಿನಿಂದ ಒಂದು ಕವಲು ಹಳಿ ಒಡೆದು, ಅರ್ಧ ಕಿಲೋಮೀಟರು ಆಚೆಯ ಎಲಚಿ ಮರದವರೆಗೆ ಹೋಗುತ್ತಿತ್ತು. ಯುದ್ಧದ ವರ್ಷ ನುಗ್ಗಿದ ಸೈನಿಕರು ಅದರ ಕಂಬಿ ಕಿತ್ತು ಬಂಕರಿಗೆ ಹೊದಿಸಿದರು. ಉಳಿದದ್ದನ್ನು ಮರಳು ನುಂಗಿತು. ಎರಡು ವರ್ಷದ ಹಿಂದೆ ಮುದುಕನಿಗೆ ಆ ಕವಲನ್ನು ಮತ್ತೆ ಎಬ್ಬಿಸಬೇಕೆನಿಸಿತು. ಒಂದು ಕಂಪೆನಿಯ ವರ್ಕ್‌ಶಾಪಿನಲ್ಲಿ ಫಿಟ್ಟರಾಗಿ ನಿವೃತ್ತನಾಗಿದ್ದ ಹರ್ಬರ್ಟನನ್ನು ಕರೆಸಿ ತೋಟದಲ್ಲೇ ಒಂದು ಕೋಣೆ ಕೊಟ್ಟ.

ಹರ್ಬರ್ಟ್ ಒಂದೂವರೆ ವರ್ಷದಲ್ಲಿ ಮರಳು ಬಗೆದು, ಸ್ಲೀಪರ್ ಹಾಸಿ, ಹಳಿಯನ್ನು ಎಲಚಿ ಮರದ ನೆರಳಿನ ತುದಿಗೆ ತಂದು ನಿಲ್ಲಿಸಿದ. ಅಲ್ಲಿಂದ ಮುಂದೆ ಕೆಲಸ ಆಮೆಗೆ ಸಂಧಿವಾತ ಹಿಡಿದಂತಾಯಿತು. ಸೋಮವಾರ ಹಾಸಿದ ಸ್ಲೀಪರನ್ನು ಬುಧವಾರ ಎಬ್ಬಿಸುತ್ತಿದ್ದ. ಮಟ್ಟ ಸರಿಯಿಲ್ಲ ಎನ್ನುತ್ತಿದ್ದ, ಕಂಬಿ ಸೊಟ್ಟ ಎನ್ನುತ್ತಿದ್ದ. ಹೀಗೆ ಮೂವತ್ತು ಅಡಿ ಏಳು ತಿಂಗಳು ಹಾಗೇ ಉಳಿಯಿತು.

ಕಾರಣವಿತ್ತು. ಹಳಿ ಮುಗಿದರೆ ಕೆಲಸ ಮುಗಿಯಿತು. ಕೆಲಸ ಮುಗಿದರೆ ಇಲ್ಲಿರಲು ಬಿಡುವ ಇಕಾಮಾ ಮುಗಿಯಿತು. ಆಮೇಲೆ ಊರಿನ ವಿಮಾನ. ಊರಿನಲ್ಲಿ ತಮ್ಮನ ಮಕ್ಕಳು ಮಾಡಿನ ಮೇಲೆ ಕೋಣೆ ಕಟ್ಟಿಸಿ ಕಾಯುತ್ತಿದ್ದರು, ಅದಕ್ಕೇನೂ ಕೊರತೆಯಿರಲಿಲ್ಲ. ಆದರೆ ಹೆಂಡತಿ ಲಿಜ್ಜಿ ಇದ್ದದ್ದು ಇಲ್ಲಿ. ಜಾಬ್ರಿಯಾದ ಆಸ್ಪತ್ರೆಯಲ್ಲಿ ಇಪ್ಪತ್ತೆಂಟು ವರ್ಷ ನರ್ಸಾಗಿದ್ದ ಅವಳು, ವಿಮಾನಗಳೆಲ್ಲ ನಿಂತುಹೋಗಿದ್ದ ಆ ಸಾಂಕ್ರಾಮಿಕದ ವರ್ಷ ರೋಗಿಗಳ ನಡುವೆಯೇ ಮಲಗಿ, ಮತ್ತೆ ಏಳಲಿಲ್ಲ. ಊರಿಗೆ ಕಳಿಸುವ ದಾರಿಯಿರಲಿಲ್ಲ. ಸುಲೈಬಿಖಾತಿನ ಸ್ಮಶಾನದಲ್ಲಿ ನಾಲ್ಕೇ ಜನರ ಎದುರು ಮಣ್ಣು ಮಾಡಿದರು. ಅಂದಿನಿಂದ ಪ್ರತಿ ಶುಕ್ರವಾರ ಪೂಜೆ ಮುಗಿಸಿ ಹರ್ಬರ್ಟ್ ಅಲ್ಲಿಗೆ ಹೋಗಿ, ಹೂವಿಟ್ಟು, ವಾರದ ಸುದ್ದಿಯನ್ನೆಲ್ಲ ಅವಳಿಗೆ ವರದಿ ಒಪ್ಪಿಸುತ್ತಿದ್ದ. ಇದನ್ನು ಯಾರಿಗೂ ಹೇಳಿರಲಿಲ್ಲ. ಹೆಂಡತಿಯ ಗುಂಡಿ ಬಿಟ್ಟು ಬರಲಾರೆ ಎಂದು ಅರವತ್ತೊಂದು ವರ್ಷದ ಗಂಡಸು ಯಾರ ಹತ್ತಿರ, ಯಾವ ಮುಖದಲ್ಲಿ ಹೇಳುವುದು?

ಡೋಲ್ಫಿಯ ಕಾರು ಸುಲೈಬಿಖಾತ್ ಸಮೀಪಿಸುವಾಗ ಹರ್ಬರ್ಟ್ ಎರಡು ಸಲ ಬಾಯಿ ತೆರೆದ.

"ಡೋಲ್ಫಿ, ಇಲ್ಲಿ ಒಂದೈದು ನಿಮಿಷ..."

"ಹಲೋ! ಕಮಲಾಕ್ಷಣ್ಣ, ವೆಲ್ಡಿಂಗ್ ಸೆಟ್ಟನ್ನೂ ಪಿಕಪ್ಪಿಗೆ ಹಾಕಿ! ರತ್ನಕ್ಕನನ್ನೂ ಕರ್ಕೊಂಡು ಬನ್ನಿ, ಹದಿನಾಲ್ಕು ಜನಕ್ಕೆ ಬಿರಿಯಾನಿ!"

ಸ್ಮಶಾನದ ಉದ್ದದ ಗೋಡೆ ಕಿಟಕಿಯಲ್ಲಿ ಬಂದು, ಹಿಂದಕ್ಕೆ ಹೋಯಿತು. ಹೂವಿನ ಪೊಟ್ಟಣ ತೊಡೆಯ ಮೇಲೆಯೇ ಉಳಿಯಿತು.

ಹನ್ನೊಂದು ಗಂಟೆಗೆ ತೋಟದಲ್ಲಿ ಹದಿನಾಲ್ಕು ಜನ ಅಂಗಿಯ ತೋಳು ಮಡಚಿ ನಿಂತಿದ್ದರು. ಅಕೌಂಟೆಂಟ್, ಹೋಟೆಲ್ ಮ್ಯಾನೇಜರ್, ಎಕ್ಸ್‌ರೇ ತೆಗೆಯುವವನು ಎಲ್ಲರೂ ಇದ್ದರು. ಸಲಿಕೆ ಹಿಡಿದು ವರ್ಷಗಳಾದವರ ಉತ್ಸಾಹವೆಂದರೆ ಕೇಳಬೇಕೆ, ಒಬ್ಬರ ಮರಳು ಇನ್ನೊಬ್ಬರ ಕಣ್ಣಿಗೆ ಬೀಳುತ್ತಿತ್ತು.

ಹರ್ಬರ್ಟ್ ಮೊದಲ ಅಡ್ಡಿ ಹೂಡಿದ. "ಕೆಲಸ ಮಾಡ್ಲಿಕ್ಕೆ ಆಗುದಿಲ್ಲ. ಕಂಬಿ ಜೋಡಿಸುವ ಬೋಲ್ಟು ಖಾಲಿ." ಬೋಲ್ಟಿನ ಪೆಟ್ಟಿಗೆಯನ್ನು ಎರಡು ನಿಮಿಷದ ಹಿಂದೆಯಷ್ಟೇ ಕಲ್ಲಿದ್ದಲಿನ ರಾಶಿಯಲ್ಲಿ ಹೂತು ಬಂದಿದ್ದ. ಅಂಗೈ ಇನ್ನೂ ಕಪ್ಪಗಿತ್ತು.

ಶುವೈಖಿನಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ಕಮಲಾಕ್ಷ ನಕ್ಕ. "ನನ್ನ ಪಿಕಪ್ಪಿನಲ್ಲಿ ಇಲ್ಲದ ಬೋಲ್ಟು ಈ ದೇಶದಲ್ಲೇ ಇಲ್ಲ, ಹರ್ಬರ್ಟಣ್ಣ." ಒಂದು ಗೋಣಿ ಬೋಲ್ಟು ಮರಳಿಗೆ ಸುರಿದ.

"ಕಂಬಿ ಬಗ್ಗಿಸ್ಬೇಕು ಮಾರಾಯ್ರೆ. ಇಲ್ಲಿ ತಿರುವು ಉಂಟು. ಬಗ್ಗಿಸುವ ಮೆಷಿನು ಕೆಟ್ಟಿದೆ."

ಕಮಲಾಕ್ಷ ಲಾರಿಯ ಎರಡು ಜಾಕು ಇಳಿಸಿದ. ಕಂಬಿ ಸೊಂಟ ನೋವಿನವನಂತೆ ನರಳುತ್ತ ನರಳುತ್ತ ಬೇಕಾದಷ್ಟೇ ಬಾಗಿತು. ಅಷ್ಟು ಚೆನ್ನಾಗಿ ಹರ್ಬರ್ಟನಿಗೂ ಬಗ್ಗಿಸಲು ಬರುತ್ತಿರಲಿಲ್ಲ.

ಹರ್ಬರ್ಟ್ ಬೆವರು ಒರೆಸಿಕೊಂಡ. ಬಾಯಿಗೆ ಬಂದದ್ದನ್ನು ಹೇಳಿದ.

"ಅಗೆಯಬೇಡಿ! ಅಲ್ಲಿ ಹಾವುಂಟು. ದೊಡ್ಡದು. ನಾನೇ ನೋಡಿದ್ದೇನೆ."

ಸಲಿಕೆಗಳೆಲ್ಲ ಗಾಳಿಯಲ್ಲೇ ನಿಂತವು. ಕಮಲಾಕ್ಷ ಚಪ್ಪಲಿ ಕಳಚಿ ಕೈ ಮುಗಿದ. "ನಾಗನ ಜಾಗವಾ? ಹಾಗಾದರೆ ಮುಟ್ಟುದು ಬೇಡಪ್ಪ. ನಮ್ಮ ಕುಟುಂಬಕ್ಕೇ ಆಗ್ಲಿಕ್ಕಿಲ್ಲ."

ಹರ್ಬರ್ಟನ ಎದೆಯಲ್ಲಿ ಏಳು ತಿಂಗಳಿಂದ ಇಲ್ಲದ ನಿರಾಳ ಹಬ್ಬಿತು. ಗೆದ್ದೆ ಅಂದುಕೊಂಡ. ಆದರೆ ಬಿರಿಯಾನಿಯ ಪಾತ್ರೆಯ ಬಳಿಯಿಂದ ಕಮಲಾಕ್ಷನ ಹೆಂಡತಿ ರತ್ನಾವತಿ ಎದ್ದು ಬಂದಳು.

"ನಾಗನಾದರೆ ಕೇಳಿಕೊಂಡರೆ ಆಯ್ತಲ್ಲ. ಮನುಷ್ಯರ ಹಾಗೆ ಹಟ ಮಾಡುದಿಲ್ಲ ಅವರು. ಹಾಲು ನನ್ನತ್ರ ಉಂಟು. ಹೂ... ಹಾ, ಹರ್ಬರ್ಟಣ್ಣ, ಅದು ಹೂವಲ್ವಾ? ಕೊಡಿ ಇಲ್ಲಿ."

ಹರ್ಬರ್ಟ್ ಪೊಟ್ಟಣವನ್ನು ಇನ್ನಷ್ಟು ಎದೆಗೊತ್ತಿಕೊಂಡ. ತಾನೇ ಹುಟ್ಟಿಸಿದ ಹಾವಿಗೆ ಹೂವಿಲ್ಲ ಎನ್ನುವುದು ಹೇಗೆ? ಪೊಟ್ಟಣ ಕೈಯಿಂದ ಜಾರಿತು. ಲಿಜ್ಜಿಯ ಬಿಳಿ ಹೂವುಗಳು ಇಲ್ಲದ ನಾಗನ ಮುಂದೆ ಮರಳಿನಲ್ಲಿ ಕೂತವು. ರತ್ನಾವತಿ ತಟ್ಟೆಯಲ್ಲಿ ಹಾಲಿಟ್ಟು, "ದೇವರೇ, ನಮ್ಮ ಹರ್ಬರ್ಟಣ್ಣ ಪಾಪ, ಊರಿಗೆ ಹೋಗ್ಬೇಕು. ಸ್ವಲ್ಪ ಆಚೆ ಹೋಗಿ ದಯಮಾಡಿ," ಎಂದು ಬೇಡಿದಳು. ಐದು ನಿಮಿಷದಲ್ಲಿ ತೋಟದ ಬೆಕ್ಕು ಬಂದು ಹಾಲು ಕುಡಿದು ಹೋಯಿತು. ನೈವೇದ್ಯ ಸಂದಿತು ಎಂದು ಎಲ್ಲರೂ ಒಪ್ಪಿದರು. ಸಲಿಕೆಗಳು ಇಳಿದವು.

ಮೂರು ಗಂಟೆಗೆ ಕೊನೆಯ ಬೋಲ್ಟು ಉಳಿಯಿತು. ಅದನ್ನು ಹರ್ಬರ್ಟನೇ ಬಿಗಿಯಬೇಕೆಂದು ಎಲ್ಲರ ಒತ್ತಾಯ. ಅವನು ಸ್ಪ್ಯಾನರ್ ತಿರುಗಿಸಿದ. ಪ್ರತಿ ಸುತ್ತಿಗೂ ಚಪ್ಪಾಳೆ. ಡೋಲ್ಫಿ ವೀಡಿಯೊ ಮಾಡಿದ. ಚಪ್ಪಾಳೆ ನಿಲ್ಲುವ ಮೊದಲೇ ಕಾರಿನ ಡಿಕ್ಕಿಯಿಂದ, ಅವನು ಫೋನಿನಲ್ಲೇ ಹೇಳಿ ತರಿಸಿಟ್ಟಿದ್ದ ಒಂದು ಶಾಲು, ಹಣ್ಣಿನ ಬುಟ್ಟಿ, ಒಂದು ಲಕೋಟೆ ಹೊರಬಂದವು.

"ಗೆಳೆಯರೇ," ಡೋಲ್ಫಿ ಗಂಟಲು ಸರಿಮಾಡಿಕೊಂಡ, "ನಮ್ಮ ಹರ್ಬರ್ಟ್‌ಬಾಬ್ ಮೂವತ್ತಾರು ವರ್ಷ ಇಲ್ಲಿ ದುಡಿದು ಈಗ ತಾಯ್ನಾಡಿಗೆ ಹೊರಟಿದ್ದಾರೆ. ಯಾರೂ ಇಲ್ಲದ ಜೀವ. ಟಿಕೆಟ್ ಸಂಘದ್ದು, ಮುಂದಿನ ಗುರುವಾರದ್ದು."

ಶಾಲು ಹೆಗಲಿಗೆ ಬಿದ್ದಾಗ ಹರ್ಬರ್ಟ್ ಅತ್ತ. ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತ.

"ನೋಡಿ, ಖುಷಿ ಅಂದರೆ ಇದು," ಎಂದಳು ರತ್ನಾವತಿ, ಸೆರಗಿನಿಂದ ತನ್ನ ಕಣ್ಣನ್ನೂ ಒರೆಸಿಕೊಂಡು.

ಎಲ್ಲರೂ ತೋಟದ ಮನೆಯ ಕಡೆಗೆ ಮರಳುವಷ್ಟರಲ್ಲಿ ಅಬು ಯೂಸುಫ್ ಊರುಗೋಲು ಊರುತ್ತ ಬಂದ. ಬಿಗಿದು ಕೂತ ಹಳಿಯನ್ನು ಈ ತುದಿಯಿಂದ ಆ ತುದಿಗೆ ನೋಡಿದ. ಶುಕ್ರವಾರದ ಸುತ್ತಿಗೆಂದು ಎಂಜಿನ್ ಬೆಳಗಿನಿಂದಲೇ ಉಗಿ ಹಿಡಿದು ನಿಂತಿತ್ತು. ಮುದುಕ ಮೊದಲ ಬೋಗಿ ಹತ್ತಿ, ಬೇರೆಯವರಿಗೆ ಬೇಡವೆಂದು ಕೈಯಾಡಿಸಿ, ತನ್ನ ಮುಂಬಯಿಯ ಹಳೇ ಹಿಂದಿಯಲ್ಲಿ ಹೇಳಿದ: "ನಡಿ ಹರ್ಬರ್ಟ್. ನಾವಿಬ್ಬರೇ."

ಮೂವತ್ತು ವರ್ಷಕ್ಕೂ ಮೇಲೆ ಆ ಕವಲಿನಲ್ಲಿ ಮೊದಲ ಬಾರಿಗೆ ಗಾಲಿ ಉರುಳಿತು. ಎಂಜಿನ್ ಕೂಗಿತು, ಎಲಚಿ ಮರದ ಗುಬ್ಬಿಗಳೆಲ್ಲ ಒಮ್ಮೆಗೇ ಎದ್ದವು. ಮರದ ಕೆಳಗೆ ನಿಲ್ಲಿಸಿ ಹರ್ಬರ್ಟ್ ಹಿಂತಿರುಗಿದಾಗ ಮುದುಕನ ಬಿಳಿ ಗಡ್ಡ ಒದ್ದೆಯಾಗಿತ್ತು.

"ಮುಗಿಸು ಅಂತ ನಿನಗೆ ಹೇಳಿದವರು ಯಾರು?"

"ಬಾಬಾ?"

"ನನ್ನ ಹೆಂಡತಿ ಈ ಮರದ ಕೆಳಗೆ ಕೂತು ಚಹಾ ಮಾಡುತ್ತಿದ್ದಳು. ಸಂಜೆ ಹೊತ್ತು ನಾನು ರೈಲಿನಲ್ಲಿ ಬರುತ್ತಿದ್ದೆ. ಈ ತೋಟ ಮಾರಬೇಕೆಂದು ಮಕ್ಕಳ ಹಟ, ಗೋದಾಮು ಕಟ್ಟುವವರು ಕಾಯುತ್ತಿದ್ದಾರೆ. 'ಅಮ್ಮನ ಮರಕ್ಕೆ ರೈಲು ಒಂದು ಸಲ ಹೋಗಲಿ, ಆಮೇಲೆ ಏನಾದರೂ ಮಾಡಿ' ಎಂದು ಬೇಡಿಕೊಂಡೆ. ಹಿರಿಯ ಮಗ ಯೂಸುಫ್ ಆಣೆ ಮಾಡಿದ, ಹಳಿ ಮುಗಿಯುವವರೆಗೆ ಮಾರುವುದಿಲ್ಲ ಎಂದು. ನೀನು ಏಳು ತಿಂಗಳು ಅದೇ ಮೂವತ್ತು ಅಡಿಯಲ್ಲಿ ಕೂತದ್ದನ್ನು ದಿನಾ ಕಿಟಕಿಯಿಂದ ನೋಡುತ್ತಿದ್ದೆ. ಇಂಥ ಸೋಮಾರಿಯನ್ನು ಕಳಿಸಿದ್ದಕ್ಕೆ ದೇವರಿಗೆ ಐದು ಹೊತ್ತೂ ಕೃತಜ್ಞತೆ ಹೇಳುತ್ತಿದ್ದೆ."

ಹರ್ಬರ್ಟನಿಗೆ ನಗು ಬಂತು. "ಬಾಬಾ, ನಾನು ಸೋಮಾರಿ ಅಲ್ಲ," ಎಂದ. ಆಮೇಲೆ ಲಿಜ್ಜಿಯ ವಿಷಯವನ್ನೆಲ್ಲ ಹೇಳಿದ. ಮೊದಲ ಬಾರಿಗೆ, ಒಬ್ಬ ಮನುಷ್ಯನಿಗೆ. ಮುದುಕ ಬೋಗಿಯಿಂದ ಇಳಿದು ಬಂದು ಅವನ ಮಸಿ ಹಿಡಿದ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ.

"ಮೊದಲೇ ಹೇಳಬಾರದಿತ್ತೇನೋ?"

"ನೀವೂ ಹೇಳಬಹುದಿತ್ತು, ಬಾಬಾ."

ಇಬ್ಬರೂ ಹಳಿಯ ಕಡೆ ನೋಡಿದರು. ಒಂದೇ ಯೋಚನೆ ಇಬ್ಬರ ಕಣ್ಣಲ್ಲೂ ಓಡಿತು.

"ಎಷ್ಟು ಬೋಲ್ಟು ಬಿಚ್ಚಿದರೆ ಸಾಕು?" ಮುದುಕ ಪಿಸುಗುಟ್ಟಿದ.

"ನಾಲ್ಕು." ಹರ್ಬರ್ಟ್ ಸ್ಪ್ಯಾನರಿಗಾಗಿ ಜೇಬು ತಡಕಾಡಿದ.

ಮುದುಕನ ಮೊಬೈಲು ಹೊಡೆದುಕೊಂಡಿತು. ಯೂಸುಫ್. ಅವನ ಸಂತೋಷದ ದನಿ ಎಂಜಿನ್ನಿನವರೆಗೂ ಕೇಳಿಸಿತು. "ಮಬ್ರೂಕ್, ಬಾಬಾ! ಡೋಲ್ಫಿ ಎಂಬ ಒಳ್ಳೆಯ ಮನುಷ್ಯ ನನ್ನ ನಂಬರು ಹುಡುಕಿ ವೀಡಿಯೊ ಕಳಿಸಿದ್ದಾನೆ. ರೈಲು ಮರ ಮುಟ್ಟಿದ್ದೂ ಅದರಲ್ಲಿದೆ. ಖರೀದಿಯವರು ನಾಳೆ ಬೆಳಗ್ಗೆ ಕಾಗದ ತರುತ್ತಾರೆ."

ಅಬು ಯೂಸುಫ್ ಮೊಬೈಲನ್ನು ಮೆಲ್ಲನೆ ಜೇಬಿಗಿಟ್ಟ. ಮರದ ಬುಡವನ್ನು ಒಮ್ಮೆ ಅಂಗೈಯಿಂದ ಸವರಿದ.

"ಖಲಾಸ್," ಎಂದ.

ಹಿಂದಕ್ಕೆ ಹೊರಟಾಗ ಮುದುಕ, "ಮೆಲ್ಲಗೆ ಬಿಡು," ಎಂದ.

"ಇದಕ್ಕಿಂತ ಮೆಲ್ಲಗೆ ಬಿಟ್ಟರೆ ನಿಲ್ಲುತ್ತದೆ, ಬಾಬಾ."

"ನಿಲ್ಲಲಿ."

ಹರ್ಬರ್ಟ್ ಒಲೆಗೆ ಕಲ್ಲಿದ್ದಲು ಹಾಕುವುದನ್ನು ಬಿಟ್ಟ. ಉಗಿ ಇಳಿಯುತ್ತ ಇಳಿಯುತ್ತ ಎಂಜಿನ್ ಮುದಿ ಎತ್ತಿನಂತೆ ಉಸಿರೆಳೆದು, ಕವಲಿನ ನಟ್ಟನಡುವೆ ನಿಂತಿತು. ಆಚೆ ಎಲಚಿ ಮರ, ಈಚೆ ತೋಟದ ಮನೆ, ನಡುವೆ ಮರಳು. ಸಂಜೆಯ ಬಿಸಿಲು ತಣ್ಣಗಾಗಿತ್ತು. ಹರ್ಬರ್ಟ್ ಬೋಗಿಗೆ ಬಂದು ಮುದುಕನ ಪಕ್ಕ ಕೂತ. ಇಬ್ಬರಿಗೂ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಇಲ್ಲೇ ಹೀಗೇ ಇದ್ದುಬಿಟ್ಟರೆ ಯಾರಿಗೇನು ನಷ್ಟ ಎಂದು ಹರ್ಬರ್ಟನಿಗೆ ಅನ್ನಿಸಿತು.

ದೂರದಲ್ಲಿ ಧೂಳೆದ್ದಿತು.

"ಅಯ್ಯೋ, ರೈಲು ಕೆಟ್ಟಿತು! ಓಡಿ, ಓಡಿ!"

ಹದಿನಾಲ್ಕು ಜನ ಪ್ಯಾಂಟು ಮಡಚಿಕೊಂಡು ಓಡಿ ಬರುತ್ತಿದ್ದರು. ಮುಂದೆ ಡೋಲ್ಫಿ, ಅವನ ಹಿಂದೆ ಹಗ್ಗ ಹಿಡಿದ ಕಮಲಾಕ್ಷ, ಅವನ ಹಿಂದೆ ಸೌಟು ಕೈಯಲ್ಲೇ ಮರೆತಿದ್ದ ರತ್ನಾವತಿ.

"ಬೇಡ ಡೋಲ್ಫಿ, ಇರಲಿ ಬಿಡು," ಎಂದ ಹರ್ಬರ್ಟ್.

"ನೀವು ಕೂತ್ಕೊಳ್ಳಿ ಹರ್ಬರ್ಟ್‌ಬಾಬ್! ನಾವಿಲ್ವಾ?"

ಹದಿನಾಲ್ಕು ಹೆಗಲು ಬೋಗಿಗೆ ಆನಿಕೊಂಡವು. ಐಸಾ ಎಂದು ಒಬ್ಬ ಕೂಗಿದ, ಐಲೇಸಾ ಎಂದು ಉಳಿದವರು ಕೂಗಿದರು. ಗಾಲಿ ಕದಲಿತು. ಶಾಲು ಹೊದ್ದ ಹರ್ಬರ್ಟ್ ಮತ್ತು ಊರುಗೋಲು ಹಿಡಿದ ಅಬು ಯೂಸುಫ್ ಒಬ್ಬರನ್ನೊಬ್ಬರು ಹಿಡಿದುಕೊಂಡು ಕೂತರು. ಉಗಿ ಇಲ್ಲದಿದ್ದರೂ ರೈಲು ಉಗಿಯಿದ್ದಾಗಿನದಕ್ಕಿಂತ ಜೋರಾಗಿ ಮನೆಯ ಕಡೆ ಓಡಿತು.