ಗಟಾರದ ನೀರು ಹಿಡಿಯುವ ಕಾಕಾ

ನಮ್ಮ ಕಾಕಾನಷ್ಟು ಗಟಾರ ನೋಡಿದವರು ರೋಣ ತಾಲೂಕಿನಲ್ಲಿ ಇನ್ನೊಬ್ಬರಿಲ್ಲ ಎಂದರೆ ನೀವು ನಗುತ್ತೀರಿ. ನಗಿರಿ, ನಾವೂ ನಕ್ಕವರೇ! ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಗಟಾರದ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಬಾಟಲಿ ತುಂಬುತ್ತಿದ್ದರೆ ಯಾರಿಗೆ ನಗು ಬರುವುದಿಲ್ಲ?

ಕಾರಣ ಚಿಗವ್ವನ, ಅಂದರೆ ಅವರ ಹೆಂಡತಿಯ, ಎಡಗಾಲು. ಜಾಲಿಮುಳ್ಳು ಚುಚ್ಚಿದ್ದು ನೆಪ. ಸಕ್ಕರೆ ಕಾಯಿಲೆಯ ಮೈ. ಮೂರು ತಿಂಗಳಾದರೂ ಕೀವು ನಿಲ್ಲಲಿಲ್ಲ. ಈ ರೋಗಾಣು ಯಾವ ಔಷಧಕ್ಕೂ ಜಗ್ಗುತ್ತಿಲ್ಲ, ಹೀಗೇ ಏರಿದರೆ ಕಾಲು ತೆಗೆಯಬೇಕಾಗುತ್ತದೆ ಎಂದರು ಹುಬ್ಬಳ್ಳಿಯ ಡಾಕ್ಟರು. ಅರ್ಧಂಬರ್ಧ ಔಷಧ ಕಂಡ ರೋಗಾಣು ಹಾಗೆ ಗಟ್ಟಿಯಾಗುತ್ತದಂತೆ. ಡಾಕ್ಟರು ಐದು ಗುಳಿಗೆ ಕೊಟ್ಟರೆ ಚಿಗವ್ವ ಎರಡು ನುಂಗಿ, ಮೂರನ್ನು ಓಣಿಯವರ ಜ್ವರಕ್ಕೆಂದು ಎತ್ತಿಡುವವಳು. ಹಂಚಿಕೊಂಡು ತಿನ್ನುವುದು ಪುಣ್ಯವಲ್ಲವೇ!

ರೋಗಾಣುವನ್ನೇ ಕೊಂದು ಬದುಕುವ ವೈರಸ್ಸುಗಳಿವೆ, ರೋಗಾಣು ಇರುವ ಹೊಲಸಿನಲ್ಲೇ ಅವೂ ಇರುತ್ತವೆ ಎಂದು ಕಾಕಾ ಎಲ್ಲೋ ಓದಿದರು. ಧಾರವಾಡದ ಪ್ರಯೋಗಾಲಯವೊಂದರಲ್ಲಿದ್ದ ಹಳೆಯ ವಿದ್ಯಾರ್ಥಿನಿ, ಗಟಾರದ ನೀರು ತಂದುಕೊಡಿ ಸರ್, ಅಮ್ಮಾವರ ಗಾಯದ ರೋಗಾಣುವಿನ ಮೇಲೆ ಹಾಕಿ ನೋಡೋಣ ಎಂದಳು. ಅಷ್ಟು ಸಾಕಾಯಿತು. ರೋಣ ಮುಗಿಯಿತು, ಜಕ್ಕಲಿ, ನರಗುಂದ ಮುಗಿದವು. ಗಜೇಂದ್ರಗಡದಲ್ಲಿ ನೇಕಾರರ ಹೆಣ್ಣುಮಗಳೊಬ್ಬಳು ಪಾಪ, ಕಾಕಾನ ಉಂಗುರ ಗಟಾರಕ್ಕೆ ಬಿದ್ದಿದೆ ಎಂದುಕೊಂಡು ತಾನೂ ಕೋಲು ಹಿಡಿದು ಹುಡುಕಿದಳಂತೆ. ಕಾಕಾ ನಿಜ ಹೇಳಿದ ಮೇಲೆ, ತಲೆಗೆ ತಂಪಾಗಲಿ ಎಂದು ಮಜ್ಜಿಗೆ ತಂದುಕೊಟ್ಟಳಂತೆ.

ಒಂದು ದಿನ ಗದಗಿನ ಬಸ್ಸಿನಲ್ಲಿ ನಾನೂ ಜೊತೆಗಿದ್ದೆ. ಕೆಟ್ಟ ಬಿಸಿಲು. ಪಕ್ಕದ ಅಜ್ಜ ಚೀಲದೊಳಗಿನ ಬಾಟಲಿ ಕಂಡು ಒಂದು ಗುಟುಕು ನೀರು ಕೇಳಿದ. ಕಾಕಾ ಚೀಲವನ್ನು ಎದೆಗವಚಿಕೊಂಡು, ಕೊಡುವುದಿಲ್ಲ ಎಂದರು. ಬಾಯಾರಿದವನಿಗೆ ನೀರಿಲ್ಲ ಎನ್ನುವ ಪ್ರಾಣಿ ನಮ್ಮ ಕಡೆ ಇನ್ನೂ ಹುಟ್ಟಿಲ್ಲ! ಇಡೀ ಬಸ್ಸು ಮೈಮೇಲೆ ಬಿತ್ತು. ಓದಿದವರೇ ಹೀಗೆ ಎಂದರು. ಸಾಯುವಾಗ ಇವರ ಬಾಯಿಗೆ ಯಾರು ನೀರು ಬಿಡುತ್ತಾರೆ ನೋಡೋಣ ಎಂದರು. ನಿಜ ಹೇಳಿದರೆ ಕಂಡಕ್ಟರ್ ಬಾಟಲಿ ಸಮೇತ ಇಳಿಸುತ್ತಾನೆ. ಕಾಕಾ ಗದಗಿನ ತನಕ ತಲೆ ತಗ್ಗಿಸಿ ಬೈಸಿಕೊಂಡು, ಸ್ಟ್ಯಾಂಡಿನಲ್ಲಿ ಆ ಅಜ್ಜನಿಗೆ ಸೋಡಾ ಕುಡಿಸಿದರು. ನಾನು ನಗುತ್ತಲೇ ಇದ್ದೆ.

“ನಗು,” ಎಂದರು ಕಾಕಾ. “ಊರ ಮಕ್ಕಳಿಗೆಲ್ಲಾ ರೋಗಾಣು ಪಾಠಾ ಹೇಳಿದೆ. ಮನ್ಯಾಗ ಆಕಿ ಗುಳಿಗಿ ಎತ್ತಿಡೂದು ನೋಡಿ ಸುಮ್ಮನ ಕುಂತೆ. ತಪ್ಪು ನಂದ ಐತಿ.”

ಆಮೇಲೆ ನನಗೆ ನಗು ಬರಲಿಲ್ಲ.

ಹನ್ನೊಂದು ಬಾಟಲಿ ಧಾರವಾಡಕ್ಕೆ ಹೋದವು. ವೈರಸ್ಸುಗಳೇನೋ ಸಿಕ್ಕವು, ಬೇರೆ ರೋಗಾಣುಗಳನ್ನು ಕೊಂದವು. ಚಿಗವ್ವನದನ್ನು ಮಾತ್ರ ಮುಟ್ಟಲಿಲ್ಲ. ಹುಬ್ಬಳ್ಳಿಯಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆದರು.

ಅವಳು ಮನೆಗೆ ಬಂದ ದಿನ ನೋಡಲು ಓಣಿಯೇ ನೆರೆದಿತ್ತು. ಕಾಕಾ ಬೋಗಾಣಿಯಲ್ಲಿ ಉಗುರುಬೆಚ್ಚಗಿನ ನೀರು ತಂದು ನೆಲದ ಮೇಲೆ ಕುಳಿತು, ಅವಳ ಬಲಗಾಲನ್ನು ತೊಡೆಯ ಮೇಲಿಟ್ಟುಕೊಂಡರು. ಬೆರಳ ಸಂದಿ ಸಂದಿ ತೊಳೆದರು, ಒರೆಸಿದರು, ಎಲ್ಲಾದರೂ ಚರ್ಮ ಒಡೆದಿದೆಯೇ ಎಂದು ಕನ್ನಡಕ ಏರಿಸಿ ನೋಡಿದರು. ಗಂಡಸು ನಾಲ್ಕು ಜನರೆದುರು ಹೆಂಡತಿಯ ಪಾದ ಹಿಡಿದದ್ದನ್ನು ನಮ್ಮ ಓಣಿ ಕಂಡಿರಲಿಲ್ಲ. ಚಿಗವ್ವ ಸೆರಗು ಮುಖಕ್ಕೆ ಎಳೆದುಕೊಂಡಳು.

“ಬಿಡ್ರಿ, ಮಂದಿ ನೋಡಾಕತ್ತಾರ.”

“ನೋಡ್ಲಿ ಬಿಡು,” ಎಂದರು ಕಾಕಾ, ಪಾದ ಬಿಡದೆ. “ಇದೊಂದನ್ನರ ನಾ ನೆಟ್ಟಗ ಕಾಯ್ತೇನಿ.”