ಮಾಮ ವರಸೆ ನೋಡಲು ಹೋದದ್ದು

ಬಳ್ಳಾರಿ ಜಿಲ್ಲೆಯಲ್ಲಿ ಕರಾಟೆ, ಕುಸ್ತಿ, ಜೂಡೊ, ಕೋಲುವರಸೆ ಈ ನಾಲ್ಕರ ಗುಣದೋಷಗಳನ್ನೂ ಬಲ್ಲ, ಆದರೆ ಮೊನ್ನೆಮೊನ್ನೆಯವರೆಗೂ ನಾಲ್ಕರಲ್ಲಿ ಒಂದನ್ನೂ ಕಲಿಯದ ಮನುಷ್ಯ ಯಾರಾದರೂ ಇದ್ದರೆ ಅದು ನಮ್ಮ ಮಾಮ! ಇದನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ಆಧಾರವಿಲ್ಲದೆ ಮಾತಾಡುವ ಅಭ್ಯಾಸ ನನಗಿಲ್ಲ. ಕಾಲೇಜಿನಲ್ಲಿದ್ದಷ್ಟು ವರ್ಷವೂ ಚರ್ಚಾಸ್ಪರ್ಧೆಯ ಮೈಕಿನ ಮುಂದೆ ನಿಂತು ಎದುರಾಳಿಯ ಮಾತಿನಲ್ಲಿ ತೂತು ಹುಡುಕಿದವಳು ನಾನು. ಆದರೆ ಮಾಮನ ಮಾತಿನಲ್ಲಿ ತೂತು ಹುಡುಕಬೇಕಾಗಿಯೇ ಇಲ್ಲ. ಅಲ್ಲಿ ಹುಡುಕಬೇಕಾದದ್ದು ಬಟ್ಟೆಯನ್ನು!

ಬಟ್ಟೆ ಎಂದದ್ದು ಸುಮ್ಮನಲ್ಲ. ಮಾಮ ನಮ್ಮೂರಿನ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ತರ. ಉದ್ದನೆಯ ಮೇಜಿನ ಮೇಲೆ ಎಂಬತ್ತು ಪದರ ಬಟ್ಟೆ ಹಾಸಿ, ಮೇಲಿನ ಪದರದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಒಂದೇ ಸಲ ಮಷೀನು ಆಡಿಸುವ ಕೆಲಸ. "ಗೆರಿ ತಪ್ಪಿದ್ರ ಒಂದ ಪ್ಯಾಂಟ್ ಕೆಡಂಗಿಲ್ಲ, ಎಂಬತ್ತೂ ಕೆಡತಾವ" ಎನ್ನುವುದು ಮಾಮನ ಖಾಯಂ ಮಾತು. ಹೀಗಾಗಿ ಗೆರೆಯನ್ನು ಮೂರು ಸಲ ಅಳೆಯುತ್ತಾನೆ. ಯೂನಿಟ್ಟಿನಲ್ಲಿ ಇದು ಸದ್ಗುಣ. ಮನೆಯಲ್ಲಿ? ಒಂದು ಜೊತೆ ಚಪ್ಪಲಿ ಆರಿಸಲು ಮಾಮನಿಗೆ ಮೂರು ವಾರ ಬೇಕು. ಮದುವೆಗೆಂದು ಹತ್ತೊಂಬತ್ತು ಹೆಣ್ಣು ನೋಡಿ, ಕೊನೆಗೆ ಹದಿನಾಲ್ಕನೆಯದನ್ನು ಒಪ್ಪಿ ಹೇಳಿಕಳಿಸುವಷ್ಟರಲ್ಲಿ ಆ ಮನೆಯಿಂದಲೇ ತೊಟ್ಟಿಲು ಕಾರ್ಯಕ್ಕೆ ಕರೆ ಬಂತಂತೆ. ಮಾಮ ಹೋಗಿ ಉಂಡು ಬಂದ. ಮಗುವಿಗೆ ಒಯ್ದ ಅಂಗಿಯ ಬಣ್ಣ ಮಾತ್ರ ಸರಿಹೋಗಲಿಲ್ಲ ಎಂದು ಇಂದಿಗೂ ಕೊರಗುತ್ತಾನೆ.

ಇಂಥ ಮನುಷ್ಯನ ಕೈಯಲ್ಲಿ ನನ್ನ ಭವಿಷ್ಯ ಸಿಕ್ಕಿಕೊಂಡಿತು.

ಧಾರವಾಡದಲ್ಲಿ ಕಾನೂನು ಓದಲು ನನಗೆ ಸೀಟು ಸಿಕ್ಕಿತ್ತು. ಸೇರಲು ಒಂದೂವರೆ ತಿಂಗಳ ಗಡುವು. ಅಪ್ಪ ನನಗೆ ಮೂರು ವರ್ಷವಾಗಿದ್ದಾಗ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ದೊಡ್ಡ ಮಾತುಗಳಿಗೆಲ್ಲ ಒಂದೇ ದಾರಿ. "ನಿಮ್ಮ ಮಾಮ ಹೂಂ ಅಂದ್ರ ನಂದೂ ಹೂಂ" ಎಂದು ಅವ್ವ ಹೇಳಿ, ಅಕ್ಕಿ ಆರಿಸುತ್ತ ಕೂತಳು. ಮಾಮ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

"ಗೊತ್ತಿಲ್ಲದ ಊರು. ಒಬ್ಬಾಕಿನ ಇರಬೇಕು. ಮೈ ಕಾಯೋ ವಿದ್ಯಾ ಒಂದು ಕಲ್ತು ಹೋಗು, ವಕೀಲಮ್ಮ. ಯಾವುದು ಅಂತ ನಾ ನೋಡ್ತೀನಿ" ಎಂದ.

ನೋಡ್ತೀನಿ! ಆ ಪದ ಕೇಳಿದ್ದೇ ನನಗೆ ಹತ್ತೊಂಬತ್ತು ಹೆಣ್ಣುಗಳ ಕತೆ ನೆನಪಾಯಿತು. ನಾನು ವಾದ ಹೂಡಿದೆ. ಕರಾಟೆ ಬಲ್ಲವರ ಜೇಬಿಗೂ ಕತ್ತರಿ ಬೀಳುವುದಿಲ್ಲವೇ? ಒಂದೂವರೆ ತಿಂಗಳಲ್ಲಿ ಅರೆಬರೆ ಕಲಿತ ವಿದ್ಯೆ ಇಲ್ಲದ ಧೈರ್ಯ ತಂದು ಇನ್ನಷ್ಟು ಅಪಾಯವಲ್ಲವೇ? ಮಾಮ ಎಲ್ಲವನ್ನೂ ತಲೆಯಾಡಿಸಿ ಕೇಳಿದ.

"ಭಾಳ ಚೊಲೋ ಮಾತಾಡಿದಿ. ನಾಳೆ ಸಂಜಿ ಐದಕ್ಕ ಕರಾಟಿ ನೋಡಾಕ ಹೋಗೂಣು."

ಕರಾಟೆ ಕ್ಲಾಸು ನಮ್ಮ ಬೀದಿಯಾಚೆ ಒಂದು ಮಾಳಿಗೆಯ ಮೇಲೆ. ಮಾಸ್ತರರು ಮಾಮನಿಗೆಂದೇ ಹೆಂಚು ಒಡೆದು ತೋರಿಸಿದರು. ಮಾಮ ಹೆಂಚು ನೋಡಲಿಲ್ಲ. ಸಾಲಿನಲ್ಲಿ ನಿಂತವನೊಬ್ಬನ ಬಿಳಿ ಪ್ಯಾಂಟು ಹಿಡಿದು, ಹಿಂಭಾಗದ ಹೊಲಿಗೆಯನ್ನು ಎರಡೂ ಹೆಬ್ಬೆರಳಿನಿಂದ ಎಳೆದು ನೋಡಿದ.

"ಒಂಟಿ ಹೊಲಿಗಿ!" ಎಂದು ಉದ್ಗರಿಸಿದ. "ಅಲ್ರೀ ಸರ, ಅಷ್ಟು ಎತ್ತರ ಕಾಲು ಎತ್ತಿ ಒದಿಯೋ ವಿದ್ಯಾಕ್ಕ ಒಂಟಿ ಹೊಲಿಗೀನಾ? ಎದುರಿಗಿದ್ದಾವ ಬೀಳೋದು ಆಮ್ಯಾಲೆ, ಮೊದಲು ನಮ್ಮ ಮಾನ ಬೀಳತೈತಿ!"

ಕರಾಟೆ ಅಲ್ಲಿಗೆ ಮುಗಿಯಿತು.

ಮುಂದಿನ ಭಾನುವಾರ ಸಿರುಗುಪ್ಪ. ಅಲ್ಲೊಂದು ಗರಡಿಮನೆ ಇದೆ, ಈಗ ಹೆಣ್ಣುಮಕ್ಕಳಿಗೂ ಕುಸ್ತಿ ಕಲಿಸುತ್ತಾರೆ ಎಂದು ಯಾರೋ ಹೇಳಿದ್ದರು. ಉಸ್ತಾದರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೊದಲ ಆರು ತಿಂಗಳು ಮಣ್ಣು ಹದ ಮಾಡ್ಲಿ. ಆಮ್ಯಾಲೆ ಪಟ್ಟು" ಎಂದರು. ಆರು ತಿಂಗಳು! ನನ್ನ ಗಡುವಿಗೆ ಉಳಿದದ್ದು ಒಂದು ತಿಂಗಳು. ಪುಣ್ಯಕ್ಕೆ ಮಾಮನೇ ಬೇಡವೆಂದ. ಕಾರಣ? ಒಳಗೆ ಆಡುತ್ತಿದ್ದ ಪೈಲ್ವಾನರನ್ನು ಬಹಳ ಹೊತ್ತು ನೋಡಿ, ಬಸ್ಸಿನಲ್ಲಿ ನಿಟ್ಟುಸಿರಿಟ್ಟ.

"ಲಂಗೋಟಿ. ಬರೀ ಲಂಗೋಟಿ. ಕಟಿಂಗ್ ಮಾಸ್ತರಗ ಏನೂ ಕೆಲಸಿಲ್ಲದ ವಿದ್ಯಾ ಅದು."

"ನಾನೇನು ಲಂಗೋಟಿ ಉಡ್ತೀನಾ ಮಾಮ?"

"ಉಡಂಗಿಲ್ಲ. ಆದ್ರೂ ನನಗ ಮನಸ್ಸು ಬರವಲ್ದು."

ಇದಕ್ಕೆ ನಾನು ಯಾವ ಪ್ರತಿವಾದ ಮಂಡಿಸಲಿ, ಹೇಳಿ? ದಾರಿಯುದ್ದಕ್ಕೂ ಕಿಟಕಿಯಾಚೆಯ ಭತ್ತದ ಗದ್ದೆಗಳನ್ನು ನೋಡುತ್ತ ಕೂತೆ. ಅವತ್ತು ಮೊದಲ ಬಾರಿಗೆ ನನಗೊಂದು ಅನುಮಾನ ಬಂತು. ಈ ಮನುಷ್ಯ ವಿದ್ಯೆ ಹುಡುಕುತ್ತಿದ್ದಾನೋ, ದಿನ ತಳ್ಳುತ್ತಿದ್ದಾನೋ?

ಜೂಡೊ ಈ ಅನುಮಾನವನ್ನು ಗಟ್ಟಿ ಮಾಡಿತು. ಅಲ್ಲಿನ ಮೇಡಂ ಒಳ್ಳೆಯವರು, ಉಡುಪಿಗೆ ಜೋಡಿ ಹೊಲಿಗೆ, ದಪ್ಪ ಬಟ್ಟೆ. ಮಾಮ ಬಟ್ಟೆಯನ್ನು ಸವರಿ ಸವರಿ ಮೆಚ್ಚಿದ. ಇನ್ನೇನು ಹೂಂ ಅಂದೇಬಿಟ್ಟ ಎಂದುಕೊಂಡೆ. ಆಗ ಮೇಡಂ, "ಮೊದಲ ಹದಿನೈದು ದಿನ ಬೀಳೋದನ್ನ ಕಲಿಸ್ತೀವ್ರಿ. ಪೆಟ್ಟಾಗದಂಗ ಬೀಳೋದು" ಎಂದುಬಿಟ್ಟರು.

ಮಾಮ ಅಂಗಳಕ್ಕೆ ಬಂದು ಚಪ್ಪಲಿ ಮೆಟ್ಟಿದ. "ಅಂಬೆಗಾಲಿಕ್ಕೋ ದಿನದಿಂದ ಈಕಿ ಬೀಳದಂಗ ಹಿಡಕೊಂಡು ಬಂದೀನಿ. ಈಗ ಇವ್ರು ಬೀಳಾಕ ಕಲಸ್ತಾರಂತ! ನಡಿಲೇ ಮನಿಗಿ."

ಸೇರುವ ಸೋಮವಾರಕ್ಕೆ ಎಂಟೇ ದಿನ ಉಳಿದಾಗ ಯೂನಿಟ್ಟಿನ ಟೈಲರೊಬ್ಬ ಕುರುಗೋಡಿನ ಮಾಸ್ತರರೊಬ್ಬರ ನಂಬರು ಕೊಟ್ಟ. ಕೋಲುವರಸೆಯಲ್ಲಿ ಪಳಗಿದ ಕೈಯಂತೆ. ಮಾಮ ಫೋನು ಮಾಡಿದ. ಫೋನಿನಲ್ಲಿ ಮಾಮ ಮಾತನ್ನು ಬಟ್ಟೆಯಂತೆಯೇ ಕತ್ತರಿಸುತ್ತಾನೆ. "ನಮಸ್ಕಾರ್ರಿ. ಬಳ್ಳಾರಿಯಿಂದ. ಭಾನುವಾರ ನಮ್ಮ ಹುಡುಗೀನ್ನ ಕರ್ಕೊಂಡು ಬರ್ತೀನ್ರಿ. ವರಸಿ ನೋಡಬೇಕಿತ್ತು."

"ಬರ್ರಿ ಬರ್ರಿ!" ಎಂದು ಆ ಕಡೆಯವರು ಹಿಗ್ಗಿದ್ದು ನನಗೂ ಕೇಳಿಸಿತು.

ಈಗ ಒಂದು ವಿಷಯ ಹೇಳಿಬಿಡುತ್ತೇನೆ. ನಮ್ಮ ಕಡೆ ವರಸೆ ಎಂದರೆ ಎರಡು. ಒಂದು ಕೋಲು ತಿರುಗಿಸುವ ಪಟ್ಟು. ಇನ್ನೊಂದು ನಂಟಸ್ತಿಕೆಯ ಸಾಲು. ಯಾರು ಯಾರಿಗೆ ಏನಾಗಬೇಕು, ಹೆಣ್ಣು-ಗಂಡಿಗೆ ಸಂಬಂಧ ಕೂಡುತ್ತದೋ ಇಲ್ಲವೋ ಎಂದು ನೋಡುವ ವರಸೆ. ಮದುವೆಯಾಗದ ಮಗ ಮನೆಯಲ್ಲಿರುವಾಗ 'ಹುಡುಗಿ' ಮತ್ತು 'ವರಸಿ' ಒಟ್ಟಿಗೇ ಕಿವಿಗೆ ಬಿದ್ದರೆ ಯಾವ ತಂದೆಗೆ ತಾನೇ ಕೋಲು ನೆನಪಾದೀತು?

ಭಾನುವಾರ ಕುರುಗೋಡಿಗೆ ಹೋದೆವು. ನಾನು ಟ್ರ್ಯಾಕ್ ಪ್ಯಾಂಟು, ಬೂಟು. ಬಾಗಿಲಲ್ಲಿ ಬಣ್ಣದ ರಂಗೋಲಿ. ಒಳಗೆ ಜಮಖಾನೆ. ಕೂತ ತಕ್ಷಣ ತಟ್ಟೆ ತುಂಬ ಮಂಡಕ್ಕಿ ಒಗ್ಗಾಣಿ, ಮಿರ್ಚಿ ಬಜ್ಜಿ. ಗುರುಕುಲ ಎಂದರೆ ಹೀಗಿರಬೇಕು ಎಂದುಕೊಂಡೆ! ಇಸ್ತ್ರಿ ಅಂಗಿಯ ಯುವಕನೊಬ್ಬ ಬಂದು ತಲೆತಗ್ಗಿಸಿ ಕುಳಿತ. ಇವನೇ ಮರಿ ಮಾಸ್ತರನಿರಬೇಕು.

"ಹುಡುಗೀನ್ನ ಜತಿಗೇ ಕರ್ಕೊಂಡು ಬಂದೀರಿ. ಇರ್ಲಿ, ಕಾಲ ಬದಲಾಗೇತಿ" ಎಂದರು ಮಾಸ್ತರರ ಹೆಂಡತಿ, ನನ್ನ ಬೂಟಿನಿಂದ ಕಣ್ಣು ಕೀಳದೆ.

"ಆಕಿ ಇಲ್ದ ಹೆಂಗ್ರಿ?" ಎಂದ ಮಾಮ. "ನಿಮ್ಮ ಹುಡುಗ ಇಲ್ಲೀವರೆಗೆ ಎಷ್ಟು ಮಂದೀನ್ನ ನೋಡ್ಯಾನ್ರಿ?"

"ಮೂರು ಮಂದೀನ್ನ ನೋಡ್ಯಾನ್ರಿ. ಒಂದೂ ಕೂಡಲಿಲ್ಲ."

"ಮೂರ ಮಂದೀನಾ?" ಮಾಮ ಮುಖ ಸಣ್ಣದು ಮಾಡಿದ. "ಅನುಭವ ಸಾಲದು."

ಆ ತಾಯಿ ಮಾಮನ ತಟ್ಟೆಗೆ ಇನ್ನೊಂದು ಮಿರ್ಚಿ ಹಾಕಿದರು. ಮಾಮ ಮುಂದುವರಿಸಿದ. "ಒಂದ ಮಾತ್ರಿ. ಮೊದಲ ದಿನಾನ ಜೋರಾಗಿ ಹೊಡಿಯೋದು ಬ್ಯಾಡ."

"ಅಯ್ಯ ಶಿವನೇ! ನಮ್ಮ ಹುಡುಗ ಹೆಣ್ಮಕ್ಕಳ ಮ್ಯಾಲೆ ಕೈ ಎತ್ತಾವಲ್ರಿ!"

"ಕೈ ಎತ್ತಲಿಲ್ಲಂದ್ರ ಈಕಿ ಹೆಂಗ ಕಲೀತಾಳ್ರಿ? ಅವ ನಾಲ್ಕು ಕೊಡಬೇಕು, ಈಕಿ ನಾಲ್ಕು ಕೊಡಬೇಕು. ಬಳ್ಳಾರ್ಯಾಗ ಈಕಿಗಿ ಎದುರಾ ನಿಲ್ಲೋರಿಲ್ಲ!"

ಯುವಕ ಮೊದಲ ಬಾರಿ ತಲೆಯೆತ್ತಿ ನನ್ನನ್ನು ನೋಡಿದ. ಆ ಕಣ್ಣುಗಳಲ್ಲಿದ್ದದ್ದು ಅನುರಾಗವಲ್ಲ, ಪ್ರಾಣಭಯ! ನನಗೆ ಆಗ ಹೊಳೆಯಿತು. ರಂಗೋಲಿ, ಇಸ್ತ್ರಿ ಅಂಗಿ, ಮೂರು ಮಂದಿ. ಬಾಯಿ ತೆರೆದೆ. ರಾಜ್ಯಮಟ್ಟದ ಚರ್ಚಾಸ್ಪರ್ಧೆಯಲ್ಲಿ ಒಂದು ಕ್ಷಣವೂ ತಡವರಿಸದ ನನ್ನ ಬಾಯಿಂದ ಗಾಳಿ ಬಿಟ್ಟು ಏನೂ ಹೊರಡಲಿಲ್ಲ.

ಅಷ್ಟರಲ್ಲಿ ಮಾಸ್ತರರು ಗಂಟಲು ಸರಿಮಾಡಿಕೊಂಡರು. "ವರಸಿ ಕೂಡಿದ್ರ ಶ್ರಾವಣದಾಗ ಮುಗಿಸಿಬಿಡೂಣ್ರಿ. ಅದೇನೋ ಧಾರವಾಡದ ಓದು ಅಂದ್ರಿ ಬಾಗಿಲದಾಗ. ಅದೆಲ್ಲ ಯಾಕ? ಓದಿದ್ದು ಸಾಕು. ಮದುವಿ ಆದಮ್ಯಾಲೆ ಹುಡುಗಿ ನಮ್ಮ ಮನ್ಯಾಗ ಆರಾಮ ಇರತಾಳ."

ಮಾಮನ ಕೈಯಲ್ಲಿ ಅರ್ಧ ಮಿರ್ಚಿ ಇತ್ತು. ಅದನ್ನು ಮೆಲ್ಲಗೆ ತಟ್ಟೆಯಲ್ಲಿಟ್ಟ.  ಮಾಮ 'ನೋಡ್ತೀನ್ರಿ' ಎಂದನೆಂದರೆ ಮುಗಿಯಿತು! ಆ ಒಂದು ಪದಕ್ಕೆ ಇವರು ಶ್ರಾವಣದವರೆಗೆ ಕಾಯುತ್ತಾರೆ, ನನ್ನ ಸೀಟು ಕಾಯುವುದಿಲ್ಲ.

"ಇಲ್ರಿ" ಎಂದ ಮಾಮ. "ನಾವು ಬಂದಿದ್ದು ಕೋಲಿನ ವರಸಿಗ್ರಿ. ಹುಡುಗಿ ಸೋಮವಾರ ಧಾರವಾಡಕ್ಕ ಹೋಗ್ತಾಳ್ರಿ. ವಕೀಲಕಿ ಓದಾಕ."

ಅಳೆಯಲಿಲ್ಲ. ಗೆರೆ ಎಳೆಯಲಿಲ್ಲ. ಒಂದೇ ಏಟಿಗೆ ಎಂಬತ್ತು ಪದರ!

"ಯಾವ ಸೋಮವಾರ ಮಾಮ?" ಎಂದೆ. ನನಗೆ ದಾಖಲೆ ಬೇಕಿತ್ತು.

"ನಾಳಿ ಸೋಮವಾರ ಲೇ! ವಾರಕ್ಕ ಎಷ್ಟು ಸೋಮವಾರ ಇರತಾವು?"

ಎಲ್ಲರಿಗಿಂತ ಮೊದಲು ನಿಟ್ಟುಸಿರು ಬಿಟ್ಟವನು ಆ ಯುವಕ. ಅಷ್ಟು ದೊಡ್ಡ ನಿರಾಳವನ್ನು ಒಬ್ಬ ಗಂಡಸಿನ ಮುಖದಲ್ಲಿ ನಾನು ಎಂದೂ ಕಂಡಿರಲಿಲ್ಲ. ನನ್ನ ಮುಖವೂ ಹಾಗೇ ಇದ್ದಿರಬೇಕು. ಮಾಸ್ತರರು ಮಗನ ಮುಖ ನೋಡಿ, ತೊಡೆ ತಟ್ಟಿ ನಕ್ಕರು. "ಹಂಗಾದ್ರ ಕೋಲು ತರ್ತೀನಿ ತಡೀರಿ!" ಅಂಗಳದಲ್ಲಿ ಒಂದು ವರಸೆ ತೋರಿಸಿದರು. ಮಾಮ ತಾನೂ ತಿರುಗಿಸುತ್ತೇನೆಂದು ಹೋಗಿ ತನ್ನ ತಲೆಗೆ ತಾನೇ ಬಾರಿಸಿಕೊಂಡ. ಬುಗುಟೆಯ ಮೇಲೆ ಕೈಯಿಟ್ಟುಕೊಂಡೇ ಬಸ್ಸು ಹತ್ತಿದ.

ಮನೆಗೆ ಬಂದಾಗ ಅವ್ವ ಕೇಳಿದಳು, "ಏನಾತಪಾ ತಮ್ಮಾ?"

"ಹೂಂ ಅಂದೆ" ಎಂದ ಮಾಮ.

"ನಂದೂ ಹೂಂ" ಎಂದಳು ಅವ್ವ. ಒಂದೂವರೆ ತಿಂಗಳ ಮಹಾಸಮರ ಎರಡೇ ಹೂಂಕಾರಕ್ಕೆ ಮುಗಿಯಿತು!

ಮರುದಿನ ಬಳ್ಳಾರಿ ಬಸ್ ನಿಲ್ದಾಣದಲ್ಲಿ ಮಾಮ ನನ್ನ ಕೈಗೆ ಒಂದು ಪೊಟ್ಟಣ ಕೊಟ್ಟ. ಒಳಗೆ ಜೀನ್ಸ್ ಪ್ಯಾಂಟು. "ಸೀಟಿಗೆ ಮೂರು ಹೊಲಿಗಿ ಹಾಕ್ಸೀನಿ. ಎಷ್ಟು ಎತ್ತರಕ್ಕ ಒದ್ರೂ ಹರಿಯಂಗಿಲ್ಲ" ಎಂದ. ಬಸ್ಸು ಹೊರಟಾಗ ಕೈ ಬೀಸಲಿಲ್ಲ. ಪಕ್ಕದ ಸಿಮೆಂಟ್ ಕಟ್ಟೆಯ ಮೇಲೆ ಕೂತುಬಿಟ್ಟ. ಕಾಲು ನೋವಿರಬೇಕು ಎಂದುಕೊಂಡೆ. ಅನುಮಾನ ಪಡುವುದೇ ಕಸುಬಾದವಳಿಗೆ ಆಗ ಅನುಮಾನವೇ ಬರಲಿಲ್ಲ ನೋಡಿ.

ಮೂರು ವಾರದ ನಂತರ ಒಂದು ಸಂಜೆ ಮಾಮನ ಫೋನು.

"ಲೇ ವಕೀಲಮ್ಮ, ಜೂಡೊ ಸೇರೀನಿ."

"ಏನು! ಈ ವಯಸ್ಸಿನಲ್ಲಾ? ನೀನೇ ಬ್ಯಾಡ ಅಂದಿದ್ಯಲ್ಲ ಮಾಮ!"

"ಅಂದಿದ್ದೆ. ನನ್ನ ಜತಿಗೆ ಎಲ್ಲ ಸಾಲಿ ಹುಡುಗ್ರು. ಹದಿನೈದು ದಿನ ಆತು. ಬೀಳಾಕ ಕಲ್ತೆ."

"ಪೆಟ್ಟಾಗಂಗಿಲ್ಲಾ?"

"ಇಲ್ಲ. ಮೈ ಸಡಿಲ ಬಿಟ್ರ ಏನೂ ಆಗಂಗಿಲ್ಲ ನೋಡು." ಮಾಮನ ಹಿಂದೆ ಯೂನಿಟ್ಟಿನ ಮಷೀನುಗಳ ಸದ್ದು ಕೇಳಿಸುತ್ತಿತ್ತು. "ನೀ ಬಸ್ಸು ಹತ್ತೋಕಿನ್ನ ಮೊದಲ ಕಲ್ತಿದ್ರ ಚೊಲೋ ಇತ್ತು."

ಬಸ್ ನಿಲ್ದಾಣದ ಆ ಸಿಮೆಂಟ್ ಕಟ್ಟೆ ನನಗೆ ಆಗ ನೆನಪಾಯಿತು.

"ಹಲೋ? ಕೇಳಸ್ತೈತೇನು? ಊಟ ಆತಾ?" ಎಂದ ಮಾಮ.